ಗಲ್ಲಾಕ್ಕೂ ಕಾವಲಿಗೂ ನಡುವೆ

ಹೋಟೆಲಿನ ಸೂಪರ್‌ವೈಸರ್ ಕೂರುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ನೂರಾರು ಕುರ್ಚಿಗಳ ನಡುವೆಯೇ ಓಡಾಡಿಕೊಂಡಿದ್ದರೂ ಅವುಗಳಲ್ಲಿ ಒಂದೂ ಆತನದಲ್ಲ. ಗಲ್ಲಾದ ಹಿಂದಿನ ಎತ್ತರದ ಕುರ್ಚಿ ಧಣಿಯದು, ಅಡುಗೆಮನೆಯ ಮೂಲೆಯ ಮಣೆ ಭಟ್ಟರದು, ಉಳಿದವೆಲ್ಲ ಗಿರಾಕಿಗಳವು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು (ಒಂದು ಬರೆಯುವುದಕ್ಕೆ, ಇನ್ನೊಂದು ಗಿರಾಕಿಗೆ ಕೊಟ್ಟು ಕಳೆದುಕೊಳ್ಳುವುದಕ್ಕೆ), ಸೊಂಟದಲ್ಲಿ ಉಗ್ರಾಣದ ಬೀಗದ ಕೈ: ಬೆಂಗಳೂರಿನ ಉಡುಪಿ ಹೋಟೆಲುಗಳಲ್ಲಿ ಈತನನ್ನು ಇಷ್ಟು ಲಕ್ಷಣಗಳಿಂದ ಗುರುತಿಸಬಹುದು. ಗಿರಾಕಿಗಳು ಮ್ಯಾನೇಜರ್ ಎನ್ನುತ್ತಾರೆ, ಹುಡುಗರು ‘ಅಣ್ಣ’ ಅಥವಾ ‘ಭಯ್ಯಾ’ ಎನ್ನುತ್ತಾರೆ, ಸಿಟ್ಟು ಬಂದವರು ‘ಏನ್ರೀ’ ಎನ್ನುತ್ತಾರೆ. ಧಣಿ ಮಾತ್ರ ಹೆಸರು ಹಿಡಿದು ಕರೆಯುತ್ತಾರೆ, ಅದೂ ಇಡೀ ಹಾಲ್‌ಗೆ ಕೇಳುವಂತೆ.

ಈತನ ಅಧಿಕಾರವನ್ನು ಅಳೆಯಲು ಹೊರಟರೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ದೋಸೆ ತಡವಾದರೆ ಉತ್ತರ ಕೊಡಬೇಕಾದವನು ಈತ, ಆದರೆ ದೋಸೆ ಹೊಯ್ಯುವವನು ಈತನಲ್ಲ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ‘ಸಾರಿ ಸಾರ್’ ಎನ್ನಬೇಕಾದವನು ಈತ, ಆದರೆ ಉಪ್ಪಿನ ಡಬ್ಬಿ ಮುಟ್ಟಿದರೆ ಭಟ್ಟರು ಸೌಟು ಕೆಳಗಿಟ್ಟು ಹೊರಗೆ ಹೋಗಿ ನಿಲ್ಲುತ್ತಾರೆ. ಕಾಫಿಯ ದರ ಏರಿದ್ದಕ್ಕೆ ಬೈಸಿಕೊಳ್ಳುವವನು ಈತ, ಏರಿಸಿದ ಸಭೆಗೆ ಈತನನ್ನು ಕರೆದಿರಲಿಲ್ಲ. ಒಂದು ವಡೆಯನ್ನು ಬಿಟ್ಟಿ ಕೊಡುವ ಹಕ್ಕೂ ಅನೇಕ ಕಡೆ ಇಲ್ಲ. ಗಲ್ಲಾದ ಕಡೆ ನೋಡಿ, ಅಲ್ಲಿಂದ ಕಣ್ಣಿನಲ್ಲೇ ಅಪ್ಪಣೆ ಬಂದ ಮೇಲೆ ‘ತಗೊಳ್ಳಿ ಸಾರ್, ನಮ್ಮ ಕಡೆಯಿಂದ’ ಎಂದು ಉದಾರಿಯಾಗಬೇಕು. ನಿಜವಾಗಿ ಈತನ ಕೈಯಲ್ಲಿರುವ ಸರಕು ಒಂದೇ, ಸಮಯ. ಹಿಟ್ಟಿಗೆ ಒಂದು ಗಡಿಯಾರ, ಫಿಲ್ಟರಿನಲ್ಲಿ ಇಳಿಯುವ ಡಿಕಾಕ್ಷನ್‌ಗೆ ಒಂದು, ಭಟ್ಟರಿಗೆ ಒಂದು, ಆಫೀಸಿಗೆ ಹೊರಟ ಗಿರಾಕಿಗೆ ಇನ್ನೊಂದು. ಈ ನಾಲ್ಕೂ ಒಂದೇ ಸಮಯ ತೋರಿಸುತ್ತಿವೆ ಎಂದು ಎಲ್ಲರನ್ನೂ ನಂಬಿಸಿ, ಎಲ್ಲರನ್ನೂ ಸ್ವಲ್ಪ ಸ್ವಲ್ಪ ಕಾಯಿಸುವುದೇ ಈತನ ಉದ್ಯೋಗ.

ಈ ಹುದ್ದೆಗೆ ಜಾಹೀರಾತು ಹಾಕುವ ಪದ್ಧತಿ ಇರಲಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುತ್ತಿನ ಹಳ್ಳಿಗಳಿಂದ ರಾತ್ರಿ ಬಸ್ಸು ಹತ್ತಿ ಬಂದವರು ತಾವಾಗಿಯೇ ಈ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. ಅವರಲ್ಲಿ ಎರಡು ಕುಲ. ಮೊದಲನೆಯದು ಟೇಬಲ್ ಒರೆಸುವುದರಿಂದ ಶುರುಮಾಡಿ, ನೀರು, ಸಪ್ಲೈ, ಕಾಫಿ ಕೌಂಟರ್ ಎಂದು ಒಂದೊಂದೇ ಮೆಟ್ಟಿಲು ಹತ್ತಿದವರದು. ಮದ್ರಾಸಿನ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದ ಕಡಂದಲೆ ಕೃಷ್ಣರಾಯರೂ ಅಡುಗೆಮನೆಯ ಚಾಕರಿಯಿಂದಲೇ ಮೇಲೆ ಬಂದವರು. ಈ ಮಾತನ್ನು ಪ್ರತಿ ಧಣಿಯೂ ಸಂಬಳ ಹೆಚ್ಚು ಕೇಳಿದವನಿಗೆ ತಪ್ಪದೆ ನೆನಪಿಸುತ್ತಾರೆ. ಎರಡನೆಯದು ಧಣಿಯ ಅಕ್ಕನ ಮಗನ ಕುಲ. ಬಿ.ಕಾಂ. ಮುಗಿದು ಮುಂದೇನು ಎಂದು ಯಾರಿಗೂ ತೋಚದಿದ್ದಾಗ, ‘ಸ್ವಲ್ಪ ದಿನ ಮಾವನಿಗೆ ಸಹಾಯ ಮಾಡಿಕೊಂಡಿರಲಿ’ ಎಂದು ಕಳಿಸಲ್ಪಟ್ಟವನು. ಆ ಸ್ವಲ್ಪ ದಿನ ಮುಗಿಯುವ ಹೊತ್ತಿಗೆ ಆತನ ಮಗ ಬಿ.ಕಾಂ. ಓದುತ್ತಿರುತ್ತಾನೆ. ಇತ್ತೀಚೆಗೆ ಮೂರನೆಯ ಕುಲವೊಂದು ಕಾಣಿಸಿಕೊಂಡಿದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಪಡೆದು, ಗಿರಾಕಿಯನ್ನು ‘ಗೆಸ್ಟ್’ ಎಂದು ಕರೆದು, ಒಂದು ವರ್ಷ ತುಂಬುವುದರೊಳಗೆ ದುಬೈ ವಿಮಾನ ಹತ್ತುವ ಕುಲ ಇದು. ಇದರ ಬಗ್ಗೆ ಹೆಚ್ಚು ಬರೆಯುವಷ್ಟು ಹೊತ್ತು ಅದು ಇಲ್ಲಿ ನಿಲ್ಲುವುದಿಲ್ಲ.

1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಶುರುವಾಗಿ, ನಿಂತು ತಿನ್ನುವ ಪದ್ಧತಿ ಊರೆಲ್ಲ ಹರಡಿತು. ಗಿರಾಕಿಯೇ ಟೋಕನ್ ತೆಗೆದುಕೊಂಡು, ಗಿರಾಕಿಯೇ ತಟ್ಟೆ ಎತ್ತಿಕೊಂಡು ಹೋಗುವಲ್ಲಿ ಮೇಲುಸ್ತುವಾರಿ ಯಾರಿಗೆ ಬೇಕು ಎಂದು ತೋರುವುದು ಸಹಜ. ಆದದ್ದು ಬೇರೆ. ಟೇಬಲ್ಲಿನಲ್ಲಿ ಕೂತ ಗಿರಾಕಿಗೆ ಅಡುಗೆಮನೆ ಕಾಣುತ್ತಿರಲಿಲ್ಲ. ‘ಹಾಕಿದ್ದಾರೆ ಸಾರ್, ಈಗ ಬಂತು’ ಎಂದರೆ ನಂಬುತ್ತಿದ್ದ. ದರ್ಶಿನಿಯ ಗಿರಾಕಿಗೆ ಕಾವಲಿ ಕಣ್ಣೆದುರೇ ಇದೆ. ತನ್ನ ದೋಸೆ ಇನ್ನೂ ಹೊಯ್ದಿಲ್ಲ ಎಂಬುದು ಆತನಿಗೇ ಗೊತ್ತು. ಹಾಗಾಗಿ ಸೂಪರ್‌ವೈಸರ್ ಸತ್ಯಕ್ಕೆ ಹತ್ತಿರವಾದ ಮಾತುಗಳನ್ನು ಹುಡುಕಿಕೊಳ್ಳಬೇಕಾಯಿತು.

ದಿನ ಶುರುವಾಗುವುದು ಬೆಳಗಿನ ಐದಕ್ಕೂ ಮುಂಚೆ, ಎಣಿಕೆಯಿಂದ. ಹಾಲಿನ ಕ್ರೇಟು ಎಷ್ಟು, ಬಂದ ಹುಡುಗರು ಎಷ್ಟು, ಬಾರದವರು ಯಾರು, ಅವರಲ್ಲಿ ಜ್ವರ ಬಂದವರು ಯಾರು, ಪಕ್ಕದ ರಸ್ತೆಯ ಹೋಟೆಲ್ ಸೇರಿದವರು ಯಾರು. 19 ಕಿಲೋದ ಕಮರ್ಷಿಯಲ್ ಸಿಲಿಂಡರ್‌ಗಳನ್ನು ಬೆರಳಿನಲ್ಲಿ ತಟ್ಟಿ, ಸದ್ದಿನಿಂದಲೇ ಎಷ್ಟು ಉಳಿದಿದೆ ಎಂದು ಹೇಳುವವರಿದ್ದಾರೆ. ಆದರೂ ಗ್ಯಾಸ್ ಮುಗಿಯುವುದು ಭಾನುವಾರ ಒಂಬತ್ತೂವರೆಗೇ. ತರಕಾರಿ ಆಟೊ ಬಂದಾಗ ಬೀನ್ಸ್ ಮುರಿದು ನೋಡಬೇಕು, ಟೊಮೆಟೊ ಕ್ರೇಟಿನ ಅಡಿಯ ಸಾಲಿಗೆ ಕೈ ಹಾಕಬೇಕು. ಮಂಡಿಯವರು ಮೇಲಿನ ಸಾಲನ್ನು ಜೋಡಿಸುವುದು ಧಣಿಗಾಗಿ, ಕೆಳಗಿನ ಸಾಲನ್ನು ಬಿಡುವುದು ಸೂಪರ್‌ವೈಸರ್‌ಗಾಗಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಿಟ್ಟಿನ ಮುಖ. ಅಕ್ಕಿ, ಉದ್ದು ರುಬ್ಬಿಟ್ಟ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳಿಗೆ 30 ಡಿಗ್ರಿಯ ಆಸುಪಾಸಿನ ಬಿಸುಪು ಹಿತ. ಬೆಂಗಳೂರಿನ ಡಿಸೆಂಬರ್ ರಾತ್ರಿ ಅದರ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಅದೇ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯ ಅಂಚು ದಾಟಿ ನೆಲದ ಮೇಲೆ ನಡೆದಿರುತ್ತದೆ, ಹುಳಿಯೂ ಹೆಚ್ಚು. ಚಳಿಗಾಲದಲ್ಲಿ ಪಾತ್ರೆಗಳನ್ನು ಒಲೆಯ ಹತ್ತಿರ ಸರಿಸಿ, ಗೋಣಿ ಹೊದೆಸಿ, ರಾತ್ರಿ ಒಮ್ಮೆ ಎದ್ದು ನೋಡಬೇಕು. ತನ್ನ ಮಕ್ಕಳಿಗೆ ಹೊದಿಕೆ ಸರಿಮಾಡಿದ ನೆನಪು ಈತನಿಗೆ ಅಷ್ಟಾಗಿ ಇರುವುದಿಲ್ಲ. ಇಷ್ಟಾದರೂ ಬೆಳಿಗ್ಗೆ ಹಿಟ್ಟು ಮೇಲೇಳದೆ ಕೂತಿದ್ದರೆ, ಭಟ್ಟರ ಪ್ರಶ್ನೆ ಒಂದೇ: ‘ಹಿಟ್ಟ್ ಉಬ್ಬದಿದ್ರೆ ನಾ ಎಂತ ಮಾಡುಕಾತ್ತ್ ಮಾರಾಯಾ?’ ಇದಕ್ಕೆ ಉತ್ತರವಿಲ್ಲ. ಆ ದಿನ ಬೋರ್ಡಿನಲ್ಲಿ ಇಡ್ಲಿಯ ಜಾಗಕ್ಕೆ ರವೆ ಇಡ್ಲಿ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು ಎನ್ನುತ್ತಾರೆ. ಯುದ್ಧವಿಲ್ಲದ ಕಾಲದಲ್ಲಿ ಆ ತಿಂಡಿ ಹೆಚ್ಚಾಗಿ ನೆನಪಾಗುವುದು ಹಿಟ್ಟು ಕೈಕೊಟ್ಟ ಬೆಳಿಗ್ಗೆ.

ಎಂಟರಿಂದ ಹತ್ತೂವರೆಯವರೆಗಿನದು ಈ ಉದ್ಯೋಗದ ತಿರುಳು. ಭಾನುವಾರವಾದರೆ ಹನ್ನೊಂದೂವರೆವರೆಗೂ ಹೋಗುತ್ತದೆ. ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ಹೆಸರು ಬರೆಸಿ ಕಾಯುವವರನ್ನು ನೋಡಿದವರಿಗೆ ಈ ಹೊತ್ತಿನ ಮನೋಧರ್ಮ ಗೊತ್ತು. ಮಸಾಲೆದೋಸೆಗೆ ಮುಕ್ಕಾಲು ಗಂಟೆ ಸಂತೋಷವಾಗಿ ಕಾಯುವ ಮನುಷ್ಯನೇ ಒಳಗೆ ಕೂತ ಮೇಲೆ ನಾಲ್ಕು ನಿಮಿಷಕ್ಕೆ ಸಿಡುಕುತ್ತಾನೆ. ಅಲ್ಲಿನ ಸಪ್ಲೈಯರ್ ಒಂದೇ ತೋಳಿನ ಮೇಲೆ ಹತ್ತಾರು ದೋಸೆ ತಟ್ಟೆಗಳನ್ನು ಗೋಪುರ ಕಟ್ಟಿಕೊಂಡು ಬರುವುದನ್ನು ಜನ ಫೋಟೊ ತೆಗೆಯುತ್ತಾರೆ. ಸೂಪರ್‌ವೈಸರ್ ಜಾತಿಯವರು ಅಂಥದ್ದನ್ನು ನೋಡುವಾಗ ಗೋಪುರವನ್ನು ನೋಡುವುದಿಲ್ಲ, ದಾರಿಯಲ್ಲಿ ಮಗುವೊಂದು ಕಾಲು ಚಾಚಿದೆಯೇ ಎಂದು ನೋಡುತ್ತಾರೆ.

ಟೇಬಲ್ ಯಾವಾಗ ಖಾಲಿಯಾಗುತ್ತದೆ ಎಂದು ಹೇಳುವುದು ಒಂದು ಶಾಸ್ತ್ರ. ಕಾಫಿ ಹೇಳಿದವರು ಐದು ನಿಮಿಷ. ಕಾಫಿ ಮುಗಿದ ಮೇಲೂ ಸಕ್ಕರೆ ಕಾಯಿಲೆಯ ಮಾತು ಎತ್ತಿದವರು ಹದಿನೈದು. ಪೇಪರ್ ಬಿಚ್ಚಿದವರ ಕಡೆ ಮತ್ತೆ ನೋಡುವ ಅಗತ್ಯವಿಲ್ಲ. ಬಿಲ್ಲು ಬಂದ ತಕ್ಷಣ ಟೇಬಲ್ ಬಿಡುಗಡೆಯಾಯಿತು ಎಂದುಕೊಳ್ಳುವವನು ಇನ್ನೂ ಕಲಿಯುತ್ತಿರುವವನು, ಏಕೆಂದರೆ ಬೀಗರಿಬ್ಬರು ಕೂತಿದ್ದರೆ ನಿಜವಾದ ಕೆಲಸ ಆಗ ಶುರು. ‘ನೀವು ಕೊಡಬೇಡಿ’, ‘ಛೆ ಛೆ, ನಾನಿದ್ದು ನೀವು ಕೊಡೋದೇ?’ ಎಂಬ ತಳ್ಳಾಟದಲ್ಲಿ ಬಿಲ್ಲು ಸಾಂಬಾರಿಗೆ ಬೀಳುತ್ತದೆ. ಹೊಸ ಬಿಲ್ಲು ತರಿಸಬೇಕು. ಅಷ್ಟರಲ್ಲಿ ಅವರ ಕುರ್ಚಿಗಳ ಹಿಂದೆ ಎರಡು ಕುಟುಂಬಗಳು ನಿಂತು, ತಟ್ಟೆಯಲ್ಲಿ ಉಳಿದ ಕೊನೆಯ ತುಂಡಿನ ಮೇಲೆ ಕಣ್ಣಿಟ್ಟಿರುತ್ತವೆ. ಖಾಲಿಯಾದ ಕೂಡಲೇ ಒಬ್ಬರು ಕರವಸ್ತ್ರ ಎಸೆಯುತ್ತಾರೆ, ಇನ್ನೊಬ್ಬರು ಮಗುವನ್ನು ಕೂರಿಸುತ್ತಾರೆ. ಕರವಸ್ತ್ರ ಮೊದಲೋ ಮಗು ಮೊದಲೋ ಎಂಬ ವ್ಯಾಜ್ಯದಲ್ಲಿ ಸೂಪರ್‌ವೈಸರ್‌ನ ತೀರ್ಪು ಯಾವಾಗಲೂ ಮಗುವಿನ ಪರ. ಮಗುವನ್ನು ಎಬ್ಬಿಸುವುದು ಕಷ್ಟ.

ಆರ್ಡರ್‌ಗಳಿಗೆ ಬರುವ ತಿದ್ದುಪಡಿಗಳೂ ಸಾಮಾನ್ಯವಲ್ಲ. ದೋಸೆ ಗರಿಗರಿಯಾಗಿರಬೇಕು, ಆದರೆ ಮೆತ್ತಗೂ ಇರಬೇಕು. ಪಲ್ಯ ಬೇರೆ, ಕೆಂಪು ಚಟ್ನಿ ಬೇಡ, ಎಣ್ಣೆ ಇಲ್ಲದೆ, ಬೆಣ್ಣೆ ಮೇಲೆ. ಇಡ್ಲಿ ಸಾಂಬಾರಿನಲ್ಲಿ ಮುಳುಗಿಸಿ, ವಡೆ ಮಾತ್ರ ಪಕ್ಕದಲ್ಲಿ, ಅಲ್ಲ ಅಲ್ಲ, ವಡೆ ಮುಳುಗಿಸಿ. ಕಾಫಿ ಸ್ಟ್ರಾಂಗ್, ಸಕ್ಕರೆ ಕಡಿಮೆ. ಪಕ್ಕದವರದು ಲೈಟ್, ಸಕ್ಕರೆ ಜಾಸ್ತಿ. ಎರಡೂ ಒಂದೇ ಬೈಟೂ. ಇವನ್ನೆಲ್ಲ ಬರೆದುಕೊಂಡ ಹುಡುಗ ಒಳಗೆ ಹೋಗಿ ‘ಎರಡು ಮಸಾಲೆ, ಒಂದು ಇಡ್ಲಿ-ವಡೆ’ ಎಂದಷ್ಟೇ ಕೂಗುತ್ತಾನೆ. ದೋಸೆ ಭಟ್ಟರು ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿಪೊರಕೆಯಲ್ಲಿ ಗುಡಿಸಿ, ಹನ್ನೆರಡು ದೋಸೆಗಳನ್ನು ಒಂದೇ ಸಮ ಹೊಯ್ಯುತ್ತಾರೆ. ನೀರು ಚಿಮುಕಿಸುವುದು ಕಾವಲಿಯ ಕಾವನ್ನು ಹದಕ್ಕೆ ತರಲು; ಕಾವು ಮಿತಿಮೀರಿದರೆ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಳ್ಳುತ್ತದೆ. ಹನ್ನೆರಡರಲ್ಲಿ ಯಾವುದು ಎಣ್ಣೆ ಇಲ್ಲದ್ದು ಎಂದು ಕೇಳಿದರೆ ಭಟ್ಟರು ಹನ್ನೆರಡನ್ನೂ ತೋರಿಸುತ್ತಾರೆ.

ದೂರುಗಳಲ್ಲಿ ನಿಜವಾದವು, ಅಭ್ಯಾಸದವು ಎಂದು ಎರಡು. ಕೂದಲು, ಹುಳು, ಆರಿದ ಸಾಂಬಾರು ಮೊದಲನೆಯ ಗುಂಪಿನವು. ಅವಕ್ಕೆ ಚರ್ಚೆ ಇಲ್ಲ. ತಟ್ಟೆ ಆ ಕ್ಷಣ ಟೇಬಲ್ಲಿನಿಂದ ಮರೆಯಾಗಬೇಕು, ಧಣಿಯ ಕಣ್ಣಿಗಿಂತ ಮೊದಲು ಪಕ್ಕದ ಟೇಬಲ್ಲಿನ ಕಣ್ಣಿನಿಂದ. ಅಭ್ಯಾಸದ ದೂರು ಬರುವುದು ದೋಸೆ ಮುಕ್ಕಾಲು ಮುಗಿದ ಮೇಲೆ: ‘ಮೊದಲಿನ ರುಚಿ ಇಲ್ಲ ರೀ.’ ಇದನ್ನು ಹೇಳುವವರು ಸಾಮಾನ್ಯವಾಗಿ ಇಪ್ಪತ್ತು ವರ್ಷದಿಂದ ದಿನಾ ಬರುವವರು, ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಿರುವವರು. ಅನುಭವಿಯಾದವನು ವಾದಕ್ಕಿಳಿಯದೆ, ತಲೆ ತಗ್ಗಿಸಿ, ದನಿ ಇಳಿಸಿ, ‘ಹಳೇ ಭಟ್ರು ಊರಿಗೆ ಹೋಗಿದಾರೆ ಸಾರ್’ ಎನ್ನುತ್ತಾನೆ. ಗಿರಾಕಿಗೆ ಪರಮ ಸಮಾಧಾನವಾಗುತ್ತದೆ. ಹಳೆಯ ಭಟ್ಟರು ಒಳಗೆ ಅದೇ ಕಾವಲಿಯ ಮುಂದೆ ಇದ್ದಾರೆ ಎಂಬುದು ಬೇರೆ ಮಾತು.

ಚಟ್ನಿಯದು ಮಾತ್ರ ಪ್ರತ್ಯೇಕ ಅಧ್ಯಾಯವಾಗಬೇಕಾದ ವಿಷಯ. ಮೊದಲ ಸಲ ಹಾಕುವುದು ತಿಂಡಿಯ ಭಾಗ, ಎರಡನೆಯದು ಸೌಜನ್ಯ, ಮೂರನೆಯದು ನಷ್ಟ. 2025ರಲ್ಲಿ ತೆಂಗಿನಕಾಯಿಯ ಬೆಲೆ ಏರಿ ನಿಂತಾಗ ಅನೇಕ ಗಲ್ಲಾಗಳಿಂದ ಚಟ್ನಿಯ ಮೇಲೆ ಕಣ್ಣಿಡಲು ಅಪ್ಪಣೆಯಾಯಿತು. ಗಿರಾಕಿಗೆ ಇಲ್ಲ ಎನ್ನಬಾರದು, ಹೆಚ್ಚು ಹಾಕಲೂ ಬಾರದು. ಸೂಪರ್‌ವೈಸರ್ ಇದನ್ನು ಬಗೆಹರಿಸಿದ್ದು ಸೌಟು ಬದಲಿಸಿ. ಹುಡುಗ ಮೊದಲಿನಂತೆಯೇ ಮೂರು ಸಲ ಬರುತ್ತಾನೆ, ಮೊದಲಿಗಿಂತ ಉತ್ಸಾಹದಿಂದಲೇ ಬಡಿಸುತ್ತಾನೆ, ಹುರಿಗಡಲೆ ತನ್ನ ಪಾಲಿನ ಸೇವೆ ಸಲ್ಲಿಸುತ್ತದೆ. ಇದನ್ನು ಕಂಡುಹಿಡಿದವರು ಮನೆಯಲ್ಲಿ ಅಡುಗೆ ಮಾಡುವ ಹೆಂಗಸರು ಮಾತ್ರ, ಅದೂ ನಾಲಿಗೆಗೆ ಇಟ್ಟ ಕೂಡಲೇ.

ಹತ್ತೂವರೆ ದಾಟಿದ ಮೇಲೆ ಒಳಗಿನ ರಾಜತಾಂತ್ರಿಕತೆ. ಭಟ್ಟರು ಹೋಟೆಲಿನ ಸಂಬಳ ಪಡೆಯುವವರಲ್ಲಿ ಎಲ್ಲರಿಗಿಂತ ಮುಖ್ಯರು. ಇದು ಅವರಿಗೂ ಗೊತ್ತು, ಎದುರು ಹೋಟೆಲಿನವರಿಗೂ ಗೊತ್ತು. ಅವರೊಂದಿಗೆ ಮಾತಾಡುವುದಕ್ಕೆ ಕ್ರಮವಿದೆ. ದೂರನ್ನು ದೂರಾಗಿ ತಲುಪಿಸಬಾರದು. ‘ಸಾಂಬಾರ್ ಖಾರ ಆಗಿದೆ’ ಎಂದರೆ ಮರುದಿನ ಸಾಂಬಾರಿಗೆ ಖಾರವೇ ಇರುವುದಿಲ್ಲ. ‘ಭಟ್ರೇ, ಈ ಸಲದ ಬ್ಯಾಡಗಿ ಮೆಣಸು ಸ್ವಲ್ಪ ಜೋರುಂಟು ಅಲ್ದಾ?’ ಎಂದು ತಪ್ಪನ್ನು ಮೆಣಸಿನ ಮೇಲೆ ಹಾಕಬೇಕು. ಭಟ್ಟರು ಮೆಣಸಿಗೆ ಬೈದು, ಖಾರ ಕಡಿಮೆ ಮಾಡುತ್ತಾರೆ. ಹೀಗೆ ವರ್ಷಗಟ್ಟಲೆ ತಪ್ಪು ಹೊತ್ತ ಪದಾರ್ಥಗಳು ಉಗ್ರಾಣದ ತುಂಬ ಇವೆ. ಧಣಿಗೂ ಭಟ್ಟರಿಗೂ ಮಾತು ನಿಂತಿರುವ ದಿನಗಳಲ್ಲಿ ಇಬ್ಬರ ನಡುವಿನ ಸಂದೇಶಗಳನ್ನು ಒಯ್ಯುವುದೂ ಈತನೇ. ‘ಬೇಕಾದರೆ ಇರಲಿ, ಇಲ್ಲದಿದ್ದರೆ ಹೋಗಲಿ ಅಂತ ಹೇಳು’ ಎಂಬ ಗಲ್ಲಾದ ಮಾತು ಅಡುಗೆಮನೆ ತಲುಪುವಷ್ಟರಲ್ಲಿ ‘ನಿಮಗೆ ಸುಸ್ತಾಗಿದೆಯಾ ಅಂತ ಕೇಳಿದರು’ ಎಂದಾಗಿರುತ್ತದೆ. ಇಪ್ಪತ್ತು ಹೆಜ್ಜೆಗಳಲ್ಲಿ ಇಷ್ಟು ಅನುವಾದ ಮಾಡಬಲ್ಲವರು ವಿದೇಶಾಂಗ ಖಾತೆಯಲ್ಲೂ ಹೆಚ್ಚಿಲ್ಲ.

ಇದೇ ಹೊತ್ತಿನಲ್ಲಿ ಸರ್ಕಾರವೂ ಬರುತ್ತದೆ. ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ತೂಗುತ್ತಿರಬೇಕು. ನವೀಕರಣದ ತಾರೀಖು ನೆನಪಿಟ್ಟುಕೊಳ್ಳುವವನು ಸೂಪರ್‌ವೈಸರ್. 2024ರ ಬೇಸಗೆಯಲ್ಲಿ ನೀರಿಗೆ ತತ್ವಾರವಾಗಿ ಜಲಮಂಡಳಿ ನಲ್ಲಿಗಳಿಗೆಲ್ಲ ಏರೇಟರ್ ಹಾಕಿಸಿತು. ಕೈತೊಳೆಯಲು ಹೋದವರೆಲ್ಲ ಬಂದು ‘ನೀರು ಬರ್ತಿಲ್ಲ’ ಎಂದರು. ಅಷ್ಟೇ ಬರುವುದು ಎಂದು ಒಬ್ಬೊಬ್ಬರಿಗೂ ವಿವರಿಸಿದ್ದು ಜಲಮಂಡಳಿಯಲ್ಲ. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಹಾಕಬಾರದು ಎಂದು ರಾಜ್ಯ ಸರ್ಕಾರ ನಿಷೇಧಿಸಿದಾಗ, ಜನ್ಮದಲ್ಲಿ ಪ್ಲಾಸ್ಟಿಕ್ ಮುಟ್ಟದೆ ಬಟ್ಟೆಯಲ್ಲೇ ಇಡ್ಲಿ ಮಾಡಿಕೊಂಡು ಬಂದ ಹೋಟೆಲುಗಳಲ್ಲೂ ಗಿರಾಕಿಗಳು ತಟ್ಟೆ ಎತ್ತಿ ಇಡ್ಲಿಯ ತಳ ನೋಡತೊಡಗಿದರು. ಅದೇ ವರ್ಷದ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಕಾಫಿ ಬೋರ್ಡಿನ ಅಂಕಿ ಬದಲಾಯಿತು. ಸೆಪ್ಟೆಂಬರ್ 22ರಂದು ಹಲವು ಸರಕುಗಳ ಜಿಎಸ್‌ಟಿ ಇಳಿದಾಗ ‘ದೋಸೆ ಎಷ್ಟು ಇಳೀತು?’ ಎಂಬ ಪ್ರಶ್ನೆ. ಸಾಮಾನ್ಯ ಹೋಟೆಲ್ ಊಟ-ತಿಂಡಿಯ ಮೇಲಿನ ತೆರಿಗೆ 2017ರ ನವೆಂಬರ್‌ನಿಂದ ಶೇಕಡಾ 5 ಇದ್ದದ್ದು, ಈಗಲೂ ಅಷ್ಟೇ ಇದೆ ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಕೇಳಿದವರ ದೋಸೆ ತಣ್ಣಗಾಗಿ, ಅದು ಹೊಸ ದೂರಾಗುತ್ತದೆ.

ಮಧ್ಯಾಹ್ನದ ಊಟದಲ್ಲಿ ತಕರಾರು ಕಡಿಮೆ, ಲೆಕ್ಕಾಚಾರ ಹೆಚ್ಚು. ಎಷ್ಟು ಅಕ್ಕಿ ಹಾಕಬೇಕು ಎಂಬುದನ್ನು ಹನ್ನೊಂದಕ್ಕೇ ಹೇಳಬೇಕು, ಜನ ಬರುವುದು ಒಂದಕ್ಕೆ. ಇದಕ್ಕಾಗಿ ಈತ ಪಂಚಾಂಗವನ್ನು ಯಾವ ಪುರೋಹಿತರಿಗೂ ಕಡಿಮೆಯಿಲ್ಲದೆ ಓದುತ್ತಾನೆ. ಏಕಾದಶಿಗೆ ಅನ್ನ ಇಳಿಸಿ ಉಪ್ಪಿಟ್ಟು, ಅವಲಕ್ಕಿ ಏರಿಸಬೇಕು. ಸಂಕಷ್ಟಿಯ ದಿನ ಮಧ್ಯಾಹ್ನ ಹಾಲ್ ಖಾಲಿ, ಚಂದ್ರೋದಯವಾಗಿ ಕಾಲು ಗಂಟೆಗೆ ನಿಲ್ಲಲು ಜಾಗವಿಲ್ಲ. ಗ್ರಹಣದ ಹೊತ್ತಿನಲ್ಲಿ ಅಡುಗೆಯನ್ನೇ ಇಡುವಂತಿಲ್ಲ, ಮೋಕ್ಷಕಾಲವಾದ ಕೂಡಲೇ ಇಡೀ ಬಡಾವಣೆಗೆ ಹಸಿವು. ಮತದಾನದ ದಿನ ಇನ್ನೊಂದು ಬಗೆ. 2024ರ ಲೋಕಸಭಾ ಚುನಾವಣೆಯಲ್ಲಿ ಶಾಯಿ ಹಚ್ಚಿದ ಬೆರಳು ತೋರಿಸಿದವರಿಗೆ ಬೆಂಗಳೂರಿನ ಕೆಲವು ಹೋಟೆಲುಗಳು ಉಚಿತ ತಿಂಡಿ ಕೊಟ್ಟವು. ಅಂಥ ಕಡೆ ಬೆರಳು ಪರೀಕ್ಷಿಸುವ ಚುನಾವಣಾಧಿಕಾರಿ ಯಾರೆಂದು ಬೇರೆ ಹೇಳಬೇಕಿಲ್ಲ.

ಊಟದ ಹೊತ್ತಿನಲ್ಲೇ ಕಾಣದ ಗಿರಾಕಿಗಳ ಸಾಲೂ ಇದೆ. ಕೌಂಟರಿನ ಮೇಲಿನ ಟ್ಯಾಬ್ ಕಿರುಚಿದಾಗಲೆಲ್ಲ ಎಲ್ಲೋ ಒಬ್ಬರಿಗೆ ಹಸಿವಾಗಿದೆ ಎಂದರ್ಥ. ಎದುರಿಗೆ ನಿಂತವರು ಟೋಕನ್ ಹಿಡಿದು ಕೈ ಚಾಚಿದ್ದಾರೆ, ಅವರ ತಲೆಗಳ ನಡುವಿನಿಂದ ಹೆಲ್ಮೆಟ್ ತೊಟ್ಟ ಹುಡುಗರು ಆರ್ಡರಿನ ಕೊನೆಯ ನಾಲ್ಕು ಅಂಕಿ ಕೂಗುತ್ತಿದ್ದಾರೆ. ಮಸಾಲೆದೋಸೆ ಕಾವಲಿಯಿಂದ ಎದ್ದ ಐದು ನಿಮಿಷದ ಮೇಲೆ ಮಸಾಲೆದೋಸೆಯಾಗಿ ಉಳಿಯುವುದಿಲ್ಲ. ಅದನ್ನು ಪೊಟ್ಟಣದಲ್ಲಿ ಮಡಚಿ, ಸಿಲ್ಕ್‌ಬೋರ್ಡ್ ಜಂಕ್ಷನ್ ದಾಟಿಸಿದ ಮೇಲೆ, ಗರಿಗರಿಯಾಗಿರಲಿಲ್ಲ ಎಂದು ಗಿರಾಕಿ ಒಂದು ನಕ್ಷತ್ರ ಕೊಟ್ಟಾಗ, ‘ನಿಮ್ಮ ಅನಿಸಿಕೆಗೆ ಧನ್ಯವಾದ, ಮುಂದೆ ಸರಿಪಡಿಸುತ್ತೇವೆ’ ಎಂದು ಬರೆಯಬೇಕು. ಸಿಲ್ಕ್‌ಬೋರ್ಡನ್ನು ಸೂಪರ್‌ವೈಸರ್ ಹೇಗೆ ಸರಿಪಡಿಸಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ವಾರಕ್ಕೊಮ್ಮೆ ವಿಡಿಯೊ ಮಾಡುವವರೂ ಬರುತ್ತಾರೆ. ಬೆಣ್ಣೆ ಕರಗುವ ದೃಶ್ಯಕ್ಕಾಗಿ ಬೆಣ್ಣೆಯನ್ನು ನಾಲ್ಕು ಸಲ ಹಾಕಿಸುತ್ತಾರೆ. ಬಿಲ್ಲಿನಲ್ಲಿ ಬೆಣ್ಣೆ ಒಂದೇ ಸಲ ಬರುತ್ತದೆ, ಉಗ್ರಾಣದ ಪುಸ್ತಕದಲ್ಲಿ ನಾಲ್ಕು ಸಲ.

ಸಂಜೆ ಕಾಫಿಯ ಸಾಮ್ರಾಜ್ಯ. ಕಾಫಿ-ಚಿಕೋರಿ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕು ಎಂಬುದು ನಿಯಮ. ಉಳಿದ ಅಂಶದ ಬಗ್ಗೆ ಪ್ರತಿ ನಿವೃತ್ತ ನೌಕರರಿಗೂ ಖಚಿತವಾದ ಅಭಿಪ್ರಾಯವಿದೆ. ನಾಲ್ವರು ಎರಡು ಬೈಟೂ ಹೇಳಿ ಒಂದೂವರೆ ಗಂಟೆ ಕೂರುತ್ತಾರೆ, ಆ ಅವಧಿಯಲ್ಲಿ ಕೇಂದ್ರ ಸಂಪುಟ ಎರಡು ಬಾರಿ ಪುನಾರಚನೆಯಾಗುತ್ತದೆ. ಹಳೆಯ ಕಾಲದ ಹೋಟೆಲುಗಳಲ್ಲಿ ‘ರಾಜಕೀಯ ಮಾತನಾಡಬಾರದು’ ಎಂಬ ಫಲಕ ಇರುತ್ತಿತ್ತು. ಅದರ ಉದ್ದೇಶ ದೇಶದ ಶಾಂತಿಯಾಗಿರಲಿಕ್ಕಿಲ್ಲ, ಟೇಬಲ್ಲಿನ ಬಿಡುಗಡೆಯೇ ಇರಬೇಕು. ಈಗ ಎಬ್ಬಿಸುವ ವಿಧಾನಗಳು ಸೂಕ್ಷ್ಮವಾಗಿವೆ. ಮೊದಲು ಕ್ಲೀನರ್ ಹುಡುಗ ಲೋಟ ಎತ್ತಿಕೊಂಡು ಹೋಗುತ್ತಾನೆ. ಆಮೇಲೆ ಟೇಬಲ್ ಒರೆಸುತ್ತಾನೆ. ಇನ್ನೂ ಏಳದಿದ್ದರೆ ಮೊಣಕೈ ಎತ್ತಿಸಿ ಒರೆಸುತ್ತಾನೆ. ಕೊನೆಗೆ ಸೂಪರ್‌ವೈಸರ್ ತಾನೇ ಹೋಗಿ ‘ಇನ್ನೇನು ಕೊಡ್ಲಿ ಸಾರ್?’ ಎಂದು ಅತ್ಯಂತ ಪ್ರೀತಿಯಿಂದ ಕೇಳುತ್ತಾನೆ. ಲ್ಯಾಪ್‌ಟಾಪ್ ತಂದವರ ಮೇಲೆ ಇದು ಯಾವುದೂ ನಡೆಯುವುದಿಲ್ಲ. ಅವರ ಕಿವಿಯಲ್ಲಿ ಬೇರೆ ಏನೋ ಇರುತ್ತದೆ.

ಹುಡುಗರನ್ನು ಉಳಿಸಿಕೊಳ್ಳುವುದು ಗಿರಾಕಿಗಳನ್ನು ಉಳಿಸಿಕೊಳ್ಳುವುದಕ್ಕಿಂತ ಕಷ್ಟ, ಮತ್ತು ಈ ಉದ್ಯೋಗದಲ್ಲಿ ನಗು ಕಡಿಮೆ ಇರುವ ಭಾಗವೂ ಇದೇ. ಹಿಂದೆ ಕರಾವಳಿಯ ಹುಡುಗರು ಬರುತ್ತಿದ್ದರು; ಅವರ ಮಕ್ಕಳು ಈಗ ಅದೇ ಹೋಟೆಲಿಗೆ ಗಿರಾಕಿಗಳಾಗಿ ಬರುತ್ತಾರೆ. ಟೇಬಲ್ ಒರೆಸುವವರು, ಪಾತ್ರೆ ತೊಳೆಯುವವರು ಒಡಿಶಾ, ಬಿಹಾರ, ಅಸ್ಸಾಂ, ನೇಪಾಳದವರು. ಇಡ್ಲಿಯನ್ನು ಮನೆಯಲ್ಲಿ ಎಂದೂ ತಿನ್ನದ ಹುಡುಗ ಆರು ತಿಂಗಳಲ್ಲಿ ‘ಸಾಂಬಾರ್ ಬೇಕಾ, ಚಟ್ನಿ ಬೇಕಾ’ ಎಂದು ಕಲಿಯುತ್ತಾನೆ, ಸೂಪರ್‌ವೈಸರ್ ಅಷ್ಟೇ ಕಾಲದಲ್ಲಿ ‘ಜಲ್ದಿ ಕರೋ ಮಾರಾಯಾ’ ಎಂಬ ಹೊಸ ಭಾಷೆಯೊಂದನ್ನು ಹುಟ್ಟಿಸುತ್ತಾನೆ. ಹಬ್ಬಗಳ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ. ದೀಪಾವಳಿಯ ಆರನೇ ದಿನಕ್ಕೆ ಛಠ್ ಪೂಜೆ, ಹಾಗಾಗಿ ಬಿಹಾರದ ಹುಡುಗರು ದೀಪಾವಳಿಗೆ ಮುಂಚೆ ಹೊರಟರೆ ಛಠ್ ಮುಗಿಯದೆ ಬರುವುದಿಲ್ಲ. ಭಟ್ಟರಿಗೆ ಊರಿನ ದೇವಸ್ಥಾನದ ರಥೋತ್ಸವ. ನವೆಂಬರಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಮೇ ತಿಂಗಳವರೆಗೆ ಯಾರ ಮನೆಯ ಹರಕೆಯ ಆಟವಾದರೂ ಹೋಟೆಲಿನ ಒಬ್ಬರಿಗೆ ಅದು ಹತ್ತಿರದ ಸಂಬಂಧ. ರಜೆ ಕೊಡುವವರು ಧಣಿ, ಆದರೆ ರಜೆ ಕೇಳಬೇಕಾದದ್ದು ಸೂಪರ್‌ವೈಸರ್‌ನನ್ನು. ಮುಂಗಡವೂ ಹಾಗೆಯೇ. ಕೊಟ್ಟ ಮುಂಗಡ ಹುಡುಗನನ್ನು ಹಿಡಿದಿಡುತ್ತದೆ ಎಂದು ಗಲ್ಲಾ ನಂಬುತ್ತದೆ. ತಂಗಿಯ ಮದುವೆಗೆ ಎಂದು ಹಣ ತೆಗೆದುಕೊಂಡು ಹೋದವನು ಮರಳಿ ಬಾರದಿದ್ದರೆ, ಅವನ ಖೋಲಿಯ ಚಾಪೆ ಸುತ್ತಿಡುವವನಿಗೆ ಮಾತ್ರ ಆ ಮದುವೆಯ ಖರ್ಚು ಎಷ್ಟಿತ್ತೆಂದು ಗೊತ್ತಿರುತ್ತದೆ. ಅದನ್ನು ಆತ ಗಲ್ಲಾಕ್ಕೆ ಹೇಳುವುದಿಲ್ಲ.

ರಾತ್ರಿ ಹತ್ತಕ್ಕೆ ಬಾಗಿಲು ಅರ್ಧ ಎಳೆದ ಮೇಲೆ ಲೆಕ್ಕ. ಹಿಂದೆ ನೋಟು, ಚಿಲ್ಲರೆ ಎಣಿಸಿದರೆ ಮುಗಿಯುತ್ತಿತ್ತು; ಚಿಲ್ಲರೆಯ ಬದಲು ಗಿರಾಕಿಗೆ ಕೊಟ್ಟ ಚಾಕೊಲೇಟನ್ನೂ ಎಣಿಸಬೇಕಿತ್ತು, ಅಷ್ಟೇ ಹೆಚ್ಚು ಕೆಲಸ. ಈಗ ಗಲ್ಲಾದ ಪಕ್ಕದ ಪೆಟ್ಟಿಗೆ ದಿನವಿಡೀ ಹಣ ಬಂತೆಂದು ಕೂಗಿದ್ದಕ್ಕೂ ಬ್ಯಾಂಕಿಗೆ ಬಂದದ್ದಕ್ಕೂ ತಾಳೆ ನೋಡಬೇಕು. ‘ಹೋಗಿದೆ ನೋಡಿ’ ಎಂದು ಮೊಬೈಲ್ ತೋರಿಸಿದ ಗಿರಾಕಿಯ ಎಂಬತ್ತು ರೂಪಾಯಿ ಎಲ್ಲಿಗೆ ಹೋಗಿದೆ ಎಂದು ತಿಳಿಯುವುದಿಲ್ಲ. ಉಳಿದ ವಡೆಗಳೆಷ್ಟು, ಹರಿದ ಎಲೆಗಳೆಷ್ಟು, ಒಡೆದ ಲೋಟಗಳೆಷ್ಟು ಎಂದು ಬರೆದು, ನಾಳೆಯ ಇಂಡೆಂಟ್ ಮಾಡಿ, ಉಗ್ರಾಣಕ್ಕೆ ಬೀಗ ಹಾಕಿದಾಗ ಈತನ ಊಟದ ಹೊತ್ತು. ದಿನವಿಡೀ ಬೆಣ್ಣೆ, ಸಾಂಬಾರಿನ ಘಮದಲ್ಲಿ ನಿಂತವನು ತಿನ್ನುವುದು ಮೊಸರನ್ನ, ಉಪ್ಪಿನಕಾಯಿ. ಮಸಾಲೆದೋಸೆ ಇಷ್ಟವೇ ಎಂದು ಕೇಳಿದರೆ ಉತ್ತರ ಬರುವುದು ತಡ.

ವಾರದ ರಜೆ ಇಲ್ಲವೆಂದಲ್ಲ. ಬೆಂಗಳೂರಿನ ಹಳೆಯ ಹೋಟೆಲುಗಳಲ್ಲಿ ವಾರಕ್ಕೊಂದು ದಿನ ಬಾಗಿಲು ಮುಚ್ಚುವ ರೂಢಿ ಇದೆ. ಆ ದಿನ ಗಿರಾಕಿಗಳಿಲ್ಲದ ಕಾರಣ ನೀರಿನ ಟ್ಯಾಂಕ್ ತೊಳೆಸಬಹುದು, ಚಿಮಣಿಯ ಜಿಡ್ಡು ಕೆರೆಸಬಹುದು, ಜಿರಳೆಗೆ ಔಷಧಿ ಹೊಡೆಸಬಹುದು, ಅಲುಗಾಡುವ ಟೇಬಲ್ ಕಾಲಿಗೆ ಮೊಳೆ ಹೊಡೆಸಬಹುದು, ಕಟ್ಟಿಕೊಂಡ ಮೋರಿಗೆ ಜನ ಕರೆಸಬಹುದು. ಇವೆಲ್ಲವನ್ನೂ ನಿಂತು ಮಾಡಿಸಲು ಒಬ್ಬರು ಬೇಕು. ಮಧ್ಯಾಹ್ನ ಎರಡರೊಳಗೆ ಅದು ಮುಗಿದರೆ ಮನೆಗೆ ಹೋಗಿ ಒಂದಿಷ್ಟು ಅಡ್ಡಾಗಬಹುದು. ಐದಕ್ಕೆ ವಾಪಸು ಬರಬೇಕು, ಏಕೆಂದರೆ ಮಾರನೆಯ ಬೆಳಗಿನ ಇಡ್ಲಿಗೆ ಉದ್ದು ನೆನೆದಾಗಿರುತ್ತದೆ, ಗ್ರೈಂಡರ್ ಇರುವ ಕೋಣೆಯ ಬೀಗದ ಕೈ ಈತನ ಸೊಂಟದಲ್ಲಿರುತ್ತದೆ.